ಮೊದಲ ಸಾಲಿನ ಮದ್ದು

ನನಗೆ ತಾಳ್ಮೆ ಜಾಸ್ತಿ ಎಂದು ಇಡೀ ಜನ್ಮದಲ್ಲಿ ಒಬ್ಬರೇ ಒಬ್ಬರು ಹೇಳಿದ್ದಾರೆ. ಆಗ ನಾನು ಸ್ಟಾಕ್‌ಹೋಮಿನ ಪಕ್ಕದ ಕಿಸ್ಟಾದಲ್ಲಿ, ಒಂದು ಟೆಲಿಕಾಂ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಹೇಳಿದವಳು ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಚೀನಾದ ಹುಡುಗಿ. ಹುಡುಗಿ ಎಂದೆ, ಆದರೆ ಅವಳಿಗೂ ನನ್ನದೇ ವಯಸ್ಸು, ಡಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ ಹೋಗುವ ಮಗ ಬೇರೆ ಇದ್ದ. ಒಂದು ಮಧ್ಯಾಹ್ನ ಕಾಫಿ ಮೆಷೀನಿನ ಹತ್ತಿರ ನನ್ನನ್ನು ಹಿಡಿದುಕೊಂಡಳು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲೇ ಆದರೂ ನನ್ನ ನೆನಪಿನಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ.

"ನಮ್ಮಪ್ಪಂಗೆ ಕಂಪ್ಯೂಟರ್ ಕಲೀಬೇಕಂತೆ. ನಾನು ಹೇಳ್ಕೊಟ್ರೆ ಹತ್ತು ನಿಮಿಷಕ್ಕೆ ಜಗಳ ಶುರುವಾಗುತ್ತೆ. ನೀನು ಬಾರೇ, ಪ್ಲೀಸ್. ನಿಂಗೆ ತಾಳ್ಮೆ ಇದೆ."

ನನ್ನಲ್ಲಿ ಇದ್ದದ್ದು ತಾಳ್ಮೆಯಲ್ಲ, ಸುಸ್ತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಚಳಿಗಾಲ, ಮುಗಿಯದ ಪ್ರಾಜೆಕ್ಟು, ಮನೆಯಲ್ಲಿ ಆರು ತಿಂಗಳ ವೀಸಾದ ಮೇಲೆ ದಾವಣಗೆರೆಯಿಂದ ಬಂದಿದ್ದ ಅತ್ತೆ. ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ. ಹೂಂ ಎಂದುಬಿಟ್ಟೆ.

ಅವಳ ಮನೆ ನಮ್ಮ ಕಟ್ಟಡದ ಪಕ್ಕದ್ದೇ. ಮಗುವನ್ನು ನೋಡಿಕೊಳ್ಳಲೆಂದು ಅಪ್ಪ ಅಮ್ಮ ಇಬ್ಬರನ್ನೂ ಪರ್ಮಿಟ್ ಮಾಡಿಸಿ ಕರೆಸಿಕೊಂಡಿದ್ದಳು. ಅವರನ್ನು ನಾನು ತಾತ, ಅಜ್ಜಿ ಎಂದೇ ಕರೆಯುತ್ತಿದ್ದೆ. ಅರ್ಥವನ್ನು ಮಗಳು ಹೇಳಿಕೊಟ್ಟ ಮೇಲೆ ಅವರೂ ಅದಕ್ಕೆ ಓಗೊಡುತ್ತಿದ್ದರು. ತಾತ ದಕ್ಷಿಣ ಚೀನಾದ ಒಂದು ಊರಿನ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಅಜ್ಜಿ ಹತ್ತಿ ಗಿರಣಿಯಲ್ಲಿ ದುಡಿದವರು, ಓದು ಬರಹ ಅಷ್ಟಕ್ಕಷ್ಟೆ. ಮದುವೆಯಾದಾಗಿನಿಂದ ಮನೆಗೆ ಬಂದ ಪೇಪರು, ಕಾಗದ, ಔಷಧಿ ಪೊಟ್ಟಣದ ಮೇಲಿನ ಬರಹ ಎಲ್ಲವನ್ನೂ ಗಂಡನೇ ಓದಿ ಹೇಳಬೇಕು, ಇವರು ಕೇಳಬೇಕು. ಸ್ವೀಡನ್ನಿಗೆ ಬಂದ ಮೇಲೆ ಓದುವ ಗಂಡನೂ ಅಕ್ಷರ ಬಾರದವರಂತಾಗಿಬಿಟ್ಟಿದ್ದರು. ಬಸ್ಸಿನ ಬೋರ್ಡು ಓದಲು ಬಾರದು, ಹಾಲಿನ ಪ್ಯಾಕೆಟ್ಟೂ ಬಾರದು. ಒಂದು ಸಲ ಹಾಲೆಂದು ಹುಳಿ ಮೊಸರು ತಂದಿದ್ದರಂತೆ. ಮಗಳು ನಕ್ಕಳಂತೆ. ಅಂದಿನಿಂದ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದರು.

ತಾತನ ಇಂಗ್ಲಿಷು ನಿಘಂಟಿನಿಂದ ಕಲಿತದ್ದು. ಒಂದೊಂದು ಶಬ್ದವನ್ನೂ ಒರೆಸಿ ಇಟ್ಟ ಹಾಗೆ ನಿಧಾನವಾಗಿ ಮಾತಾಡುತ್ತಿದ್ದರು. ಅದಕ್ಕೇ ಅವರ ಮಾತು ಮಾತ್ರ ನನ್ನ ತಲೆಯಲ್ಲಿ ಪುಸ್ತಕದ ಕನ್ನಡವಾಗಿ ಉಳಿದಿದೆ.

"ನಮ್ಮ ಊರಿನಲ್ಲಿ ಬೆಳಗಿನ ಜಾವ ಆಸ್ಪತ್ರೆಯ ಮುಂದೆ ನಿಂತು ಚೀಟಿ ಪಡೆದರೆ, ಮಧ್ಯಾಹ್ನದ ಊಟದೊಳಗೆ ವೈದ್ಯರನ್ನು ಕಂಡು, ಔಷಧಿಯನ್ನೂ ತೆಗೆದುಕೊಂಡು ಮನೆ ಸೇರುತ್ತಿದ್ದೆವು. ಇಲ್ಲಿ ವೈದ್ಯರು ಇದ್ದಾರೆ ಎನ್ನುವುದಕ್ಕೆ ದೂರವಾಣಿಯೊಂದೇ ಸಾಕ್ಷಿ," ಎಂದು ಮೊದಲ ದಿನವೇ ನನಗೆ ಹೇಳಿದರು.

ಅಜ್ಜಿಗೆ ಸಕ್ಕರೆ ಕಾಯಿಲೆಯಿತ್ತು. ಸುಮ್ಮನೆ ಎದ್ದು ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರ ಬಾಗಿಲು ತಟ್ಟುವ ಹಾಗಿರಲಿಲ್ಲ. ಮೊದಲು ಫೋನ್ ಮಾಡಬೇಕು. ಎತ್ತಿಕೊಳ್ಳುವುದು ಒಂದು ಯಂತ್ರ. ಅದು ಸ್ವೀಡಿಷಿನಲ್ಲಿ ನಿಮ್ಮ ಪರ್ಸೂನ್‌ನುಮ್ಮರ್ ಒತ್ತಿ ಎನ್ನುತ್ತದೆ. ಆ ದೇಶದಲ್ಲಿ ಮನುಷ್ಯನಿಗೆ ಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುವ ಗುರುತಿನ ಸಂಖ್ಯೆ ಅದು. ಒತ್ತಿದ ಮೇಲೆ, ನರ್ಸ್ ಇಂಥ ಹೊತ್ತಿಗೆ ನಿಮಗೇ ಫೋನ್ ಮಾಡುತ್ತಾರೆ ಎಂದು ಹೇಳಿ ಇಟ್ಟುಬಿಡುತ್ತದೆ. ಆ ಫೋನು ಬರುವ ಹೊತ್ತಿಗೆ ಸರಿಯಾಗಿ ಮಗಳು ಮೀಟಿಂಗಿನಲ್ಲಿ ಇರುತ್ತಿದ್ದಳು. ತಾತ ಎತ್ತಿಕೊಂಡು ಇಂಗ್ಲಿಷಿನಲ್ಲಿ ವಾಕ್ಯವನ್ನು ಜೋಡಿಸಿ ಮುಗಿಸುವಷ್ಟರಲ್ಲಿ ನರ್ಸಿಗೆ ಮುಂದಿನ ರೋಗಿಯ ಸಮಯವಾಗುತ್ತಿತ್ತು. ಕೊನೆಗೂ ಡಾಕ್ಟರು ಸಿಕ್ಕಾಗ ಒಂದು ಮಾತ್ರೆ ಬರೆದುಕೊಟ್ಟು, ನಡೆಯಿರಿ, ಅನ್ನ ಕಮ್ಮಿ ಮಾಡಿ ಎಂದರಂತೆ. ಅಷ್ಟಕ್ಕೆ ಇಷ್ಟು ಕಾಯಬೇಕಿತ್ತೇ ಎನ್ನುವುದು ತಾತನ ಪ್ರಶ್ನೆ. ವಿವರಗಳೆಲ್ಲ ವೆಬ್‌ಸೈಟಿನಲ್ಲಿವೆ ಎಂದು ನರ್ಸ್ ಹೇಳಿದ್ದರು, ವೆಬ್‌ಸೈಟು ಸ್ವೀಡಿಷಿನಲ್ಲಿತ್ತು. ಹಾಗಾಗಿ ತಾತನಿಗೆ ಕಂಪ್ಯೂಟರ್ ಬೇಕಾಯಿತು. ಹೆಂಡತಿಯ ಕಾಯಿಲೆಯ ವಿಷಯವನ್ನು ತನ್ನ ಭಾಷೆಯಲ್ಲಿ ಓದಬೇಕು, ಓದಿ ಅವಳಿಗೆ ಹೇಳಬೇಕು. ಬೇರೆ ಯಾವ ಆಸೆಯೂ ಅವರಿಗೆ ಇರಲಿಲ್ಲ.

ಶನಿವಾರ ಮಧ್ಯಾಹ್ನಗಳಲ್ಲಿ ಹೋಗುತ್ತಿದ್ದೆ. ಕೀಲಿಮಣೆಯಲ್ಲಿ ಚೀನೀ ಅಕ್ಷರ ಮೂಡಿಸಬೇಕಾದರೆ ಅದರ ಉಚ್ಚಾರಣೆಯನ್ನು ರಾಜಧಾನಿಯವರ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಂತೆ. ತಾತನದು ಅವರ ಊರಿನ ಉಚ್ಚಾರಣೆ, ಹೊಂದುತ್ತಿರಲಿಲ್ಲ. ಮಗಳು ಪೆನ್ನಿನಿಂದ ಬರೆಯುವ ಒಂದು ಹಲಗೆ ತಂದು ಕಂಪ್ಯೂಟರಿಗೆ ಜೋಡಿಸಿದಳು. ತಾತ ಅದರ ಮೇಲೆ ಬರೆದರೆ ಪರದೆಯಲ್ಲಿ ಅಚ್ಚಿನ ಅಕ್ಷರ ಏಳುತ್ತಿತ್ತು. ಯಂತ್ರ ತಪ್ಪಾಗಿ ಓದಿತೆಂದು ಅವರು ಒಂದೇ ಒಂದು ಸಲವೂ ಅಳಿಸಿ ಮತ್ತೆ ಬರೆದದ್ದನ್ನು ನಾನು ನೋಡಲಿಲ್ಲ. ಮೊದಲ ಅಕ್ಷರ ಎದ್ದ ದಿನ ತಾತ ಅಡುಗೆಮನೆಯಲ್ಲಿದ್ದ ಅಜ್ಜಿಯನ್ನು ಕೂಗಿ ಕರೆದರು. ಅಜ್ಜಿ ಹಿಟ್ಟಿನ ಕೈಯಲ್ಲೇ ಬಂದು ಪರದೆಯನ್ನು ನೋಡಿ, ಗಂಡನ ಮುಖ ನೋಡಿ, ಏನೋ ಹೇಳಿ ಒಳಗೆ ಹೋದರು. "ವಯಸ್ಸಾದರೂ ನನ್ನ ಅಕ್ಷರ ಚೆನ್ನಾಗಿದೆ ಎನ್ನುತ್ತಿದ್ದಾಳೆ," ಎಂದು ತಾತ ನನಗೆ ಹೇಳಿದರು. ಸಂಕೋಚದಿಂದ ಕಿವಿ ಕೆಂಪಾಗಿತ್ತು.

ನಾನು ಕಲಿಸಿದ್ದು ಮೌಸ್ ಹಿಡಿಯುವುದು, ಹುಡುಕುವ ಪೆಟ್ಟಿಗೆಯಲ್ಲಿ ಬರೆಯುವುದು, ಬಂದ ಪಟ್ಟಿಯಲ್ಲಿ ಒಂದರ ಮೇಲೆ ಒತ್ತುವುದು, ಹಿಂದಕ್ಕೆ ಬರುವುದು, ಇಷ್ಟೆ. ಪರದೆಯ ಮೇಲೆ ಏನು ಬಂದರೂ ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕುರುಡಿ ದಾರಿ ತೋರಿಸಿದ ಹಾಗೆ. ಎಷ್ಟೋ ಸಲ ಅವರು ಓದುತ್ತಿರುವಾಗ ನಾನು ಪಕ್ಕದ ಕುರ್ಚಿಯಲ್ಲಿ ತೂಕಡಿಸಿದ್ದೇನೆ. ಎಚ್ಚರವಾದಾಗ ನನ್ನ ಕಾಲ ಮೇಲೆ ಕಂಬಳಿ ಹೊದಿಸಿರುತ್ತಿತ್ತು, ಮುಂದೆ ಬಿಸಿನೀರಿನ ಲೋಟ ಇರುತ್ತಿತ್ತು. ಆ ಮನೆಯಲ್ಲಿ ಕಾಫಿ ಟೀ ಕೇಳುವ ಪದ್ಧತಿಯೇ ಇಲ್ಲ, ಬರೀ ಬಿಸಿನೀರು. ನನ್ನ ಮನೆಯಲ್ಲಿ ನನಗೆ ಯಾರೂ ಕಂಬಳಿ ಹೊದಿಸುತ್ತಿರಲಿಲ್ಲ, ಆದ್ದರಿಂದ ಆ ಶನಿವಾರಗಳನ್ನು ತಪ್ಪಿಸಲು ಮನಸ್ಸಾಗುತ್ತಿರಲಿಲ್ಲ.

ನಮ್ಮ ಅತ್ತೆ ಅಷ್ಟರಲ್ಲಿ ಅಜ್ಜಿಯ ಸ್ನೇಹ ಸಂಪಾದಿಸಿಬಿಟ್ಟಿದ್ದರು. ಅತ್ತೆಗೂ ಶುಗರ್. ಹೊರಗೆ ಹಿಮಗಟ್ಟಿ ಜಾರುವ ದಾರಿಯಲ್ಲಿ ನಡೆಯಲು ಇಬ್ಬರಿಗೂ ಭಯ. ನೀಲಿ ಲೈನಿನ ಮೆಟ್ರೋ ಹತ್ತಿ ಕಿಸ್ಟಾದ ಮಾಲಿಗೆ ಬಂದು, ಅಂಗಡಿಗಳ ಮುಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು, ಬೆಂಚಿನ ಮೇಲೆ ಕೂತು ಹೋಗುತ್ತಿದ್ದರು. ಅತ್ತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಅಜ್ಜಿ ಅವರ ಭಾಷೆಯಲ್ಲಿ. ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಕಾರಣ ಮನಸ್ತಾಪಕ್ಕೆ ಎಡೆಯೇ ಇರಲಿಲ್ಲ.

"ಆಯಮ್ಮ ಮಾತಾಡ್ತಾ ಇದ್ರೆ ನಮ್ಮ ದೊಡ್ಡಮ್ಮ ಬಯ್ದಂಗೇ ಇರುತ್ತೆ ಕಣೇ," ಎಂದು ಅತ್ತೆ ಹೇಳಿದ್ದರು. "ನಿಂಗಿಂತ ಅವಳೇ ವಾಸಿ. ಮಾತಾಡುವಾಗ ಮುಖ ನೋಡ್ತಾಳೆ."

ನಾನು ಅನ್ನ ಬಡಿಸುತ್ತಿದ್ದೆ, ಬಡಿಸುತ್ತಲೇ ಇದ್ದೆ.

ಕ್ರಿಸ್‌ಮಸ್ ರಜೆ ಕಳೆದ ಮೇಲೆ ತಾತನ ಮನೆಗೆ ಒಂದು ಪಾರ್ಸೆಲ್ ಬಂತು. ಊರಿನಲ್ಲಿದ್ದ ಅವರ ತಮ್ಮ ಕಳಿಸಿದ್ದು. ತಾತ ಚೀನೀ ವೆಬ್‌ಸೈಟೊಂದರಲ್ಲಿ ಓದಿ ತಮ್ಮನಿಗೆ ಫೋನಿನಲ್ಲಿ ಕಂಪನಿಯ ನಂಬರು ಹೇಳಿದ್ದರು, ಅವನು ತರಿಸಿ ಕಳಿಸಿದ್ದ. ಒಳಗೆ ಕೆಂಪು ಬಂಗಾರ ಬಣ್ಣದ ಡಬ್ಬಿಗಳು, ಡಬ್ಬಿಯ ಮೇಲೆ ಬಿಳಿ ಕೋಟಿನ ಗಡ್ಡದ ವೈದ್ಯರ ಚಿತ್ರ. ಸಕ್ಕರೆ ಕಾಯಿಲೆಗೆ ಗಿಡಮೂಲಿಕೆಯ ಕ್ಯಾಪ್ಸೂಲು. ನಮ್ಮ ಕಡೆ ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪರದೇಶದಲ್ಲಿ ಕೂತವರಿಗೆ ಮಾತ್ರ ಹಿತ್ತಲ ಗಿಡವೇ ಮದ್ದು, ಉಳಿದದ್ದೆಲ್ಲ ಬರೀ ಮಾತ್ರೆ. ತಾತ ಸ್ವೀಡನ್ನಿನ ಮಾತ್ರೆಯನ್ನು ನಿಲ್ಲಿಸಲಿಲ್ಲ, ಅವರು ಅಂಥ ಅವಿವೇಕಿಯಲ್ಲ. ಬೆಳಿಗ್ಗೆ ಇಲ್ಲಿಯದು, ಸಂಜೆ ನಮ್ಮದು ಎಂದು ಗೊತ್ತುಮಾಡಿದರು. ಬೆಳಿಗ್ಗೆ ತಾವೇ ಅಜ್ಜಿಯ ಬೆರಳು ಚುಚ್ಚಿ ಮೀಟರಿನಲ್ಲಿ ನೋಡುತ್ತಿದ್ದರು. ಸಕ್ಕರೆ ಇಳಿಯತೊಡಗಿತು.

ಮುಂದಿನ ಶನಿವಾರಗಳಲ್ಲಿ ತಾತ ಬೇರೆಯೇ ಮನುಷ್ಯ. ಬೆನ್ನು ನೆಟ್ಟಗಾಗಿತ್ತು. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಆ ಬೆಳಗಿನ ಅಂಕಿ ಹೇಳುತ್ತಿದ್ದರು. ಆರೋಗ್ಯ ಕೇಂದ್ರದ ನರ್ಸ್ ಕೂಡ ಫೋನಿನಲ್ಲಿ ತುಂಬಾ ಒಳ್ಳೆಯದಾಯಿತು ಎಂದಿದ್ದರಂತೆ, ತಮ್ಮ ಮಾತ್ರೆಯ ಪ್ರಭಾವ ಎಂದುಕೊಂಡು. ಮಗಳಿಗೂ ಖುಷಿ. ಅಪ್ಪ ಕೂತಲ್ಲೇ ಕೂತು ಗೋಡೆ ನೋಡುವುದು ನಿಂತಿತಲ್ಲ ಎನ್ನುವ ಸಮಾಧಾನ ಅವಳಿಗೆ ಸಕ್ಕರೆಗಿಂತ ದೊಡ್ಡದಾಗಿತ್ತು. ನನಗೂ ಒಳಗೊಳಗೇ ಹೆಮ್ಮೆ, ಸುಳ್ಳೇಕೆ ಹೇಳಲಿ.

ಅಜ್ಜಿ ನಮ್ಮ ಅತ್ತೆಗೂ ಒಂದು ಡಬ್ಬಿ ಕೊಟ್ಟರು. ಅತ್ತೆ ಅದನ್ನು ತಂದು ಫ್ರಿಜ್ಜಿನ ಮೇಲೆ ಇಟ್ಟರು, ನುಂಗಲಿಲ್ಲ.

"ಕ್ಯಾಪ್ಸೂಲಿನ ಸಿಪ್ಪೆ ಯಾವ ಪ್ರಾಣಿ ಮೂಳೇದೋ ಏನೋ. ಇಷ್ಟು ವರ್ಷ ಮೊಟ್ಟೆ ಕೂಡ ಮುಟ್ಟಿಲ್ಲ ನಾನು. ಶುಗರ್‌ಗೋಸ್ಕರ ಜಾತಿ ಕೆಡಿಸ್ಕೊಳ್ಲಾ?"

"ಒಳಗಿನ ಪುಡಿ ಮಾತ್ರ ತಗೊಳ್ಳಿ ಅತ್ತೆ," ಎಂದೆ ನಾನು, ಬಾಯಿಗೆ ಬಂದದ್ದು.

"ಪುಡಿ ಮೂಳೆ ಜೊತೇಲೇ ತಾನೇ ಇದ್ದದ್ದು?" ಎಂದರು. ಆ ಸಲ ಮಡಿವಂತಿಕೆ ನಮ್ಮ ಮನೆಯನ್ನು ಕಾಪಾಡಿತು. ಅದಕ್ಕೆ ಮುಂಚೆಯೂ ಆಮೇಲೂ ನನ್ನನ್ನು ಕಾಡಿದ್ದೇ ಹೆಚ್ಚು.

ಫೆಬ್ರವರಿಯ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ ನಾನು ಆಫೀಸಿನಿಂದ ಮಾಲಿಗೆ ಇಳಿದು ಹೋದೆ. ಅತ್ತೆಯ ಕೈಗೆ ಮನೆಯ ಬೀಗದ ಕೈ ಕೊಡುವುದು ಮರೆತಿತ್ತು. ಅತ್ತೆ, ಅಜ್ಜಿ ಇಬ್ಬರೂ ಬೆಂಚಿನ ಮೇಲಿದ್ದರು. ದೂರದಿಂದಲೇ ಅತ್ತೆ ಕೈ ಬೀಸಿ ಕರೆದ ರೀತಿ ಸರಿಯಿಲ್ಲ ಎನಿಸಿತು. ಹತ್ತಿರ ಹೋದರೆ ಅಜ್ಜಿಯ ಮುಖದಲ್ಲಿ ಬೆವರು ಧಾರಾಕಾರ. ಕೈ ನಡುಗುತ್ತಿತ್ತು. ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ಏನೋ ಹೇಳಲು ಹೋಗಿ ನಾಲಿಗೆ ಹೊರಳದೆ ಅತ್ತೆಯ ಭುಜಕ್ಕೆ ಒರಗಿಬಿಟ್ಟರು.

"ಶುಗರ್ ಕೆಳಗಿಳಿದಿದೆ ಕಣೇ! ನಂಗೂ ಒಂದ್ಸಲ ಹಿಂಗೇ ಆಗಿತ್ತು. ಏನಾದ್ರೂ ಸಿಹಿ ಕೊಡು, ಬೇಗ!"

ನನ್ನ ಹತ್ತಿರ ಸಿಹಿ ಇರಲಿಲ್ಲ. ಅತ್ತೆ ಅಜ್ಜಿಯ ಮುಖ ಒರೆಸಲು ಕರವಸ್ತ್ರ ಹುಡುಕಿ ಅವರ ಕೋಟಿನ ಜೇಬಿಗೆ ಕೈ ಹಾಕಿದರು. ಕರವಸ್ತ್ರದ ಜೊತೆ ಸಕ್ಕರೆಯ ತುಂಡುಗಳು ಬಂದವು, ಅಲ್ಲಿನ ಕಾಫಿ ಅಂಗಡಿಗಳಲ್ಲಿ ಕಾಗದ ಸುತ್ತಿ ಇಟ್ಟಿರುತ್ತಾರಲ್ಲ, ಅಂಥವು. ಒಂದು ಹಿಡಿಯಷ್ಟಿದ್ದವು. ಅತ್ತೆ ಒಂದರ ಕಾಗದ ಕಿತ್ತು ಅಜ್ಜಿಯ ತುಟಿಯೊಳಗೆ, ಕೆನ್ನೆಯ ಬದಿಗೆ ಒತ್ತಿ ಹಿಡಿದರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ, ಆಮೇಲೆ ಅಜ್ಜಿಯ ಮಗಳಿಗೆ, ನನ್ನ ಗೆಳತಿಗೆ. ಶುಗರ್ ಇರುವ ಹೆಂಗಸಿನ ಜೇಬಿನಲ್ಲಿ ಇಷ್ಟೊಂದು ಸಕ್ಕರೆ ಏಕೆ ಎಂದು ಕೇಳಿಕೊಳ್ಳುವಷ್ಟು ತಲೆ ಆಗ ಓಡಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಅಜ್ಜಿ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಿಗೆ ಸಕ್ಕರೆ ಮತ್ತೆ ಇಳಿಯಿತು, ಮತ್ತೆ ಏರಿಸಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೃದು ಮಾತು. ಇವರು ತೆಗೆದುಕೊಳ್ಳುವ ಮಾತ್ರೆ ಒಂದರಿಂದಲೇ ಹೀಗೆ ಆಗುವುದಿಲ್ಲ, ಬೇರೆ ಏನು ಕೊಡುತ್ತಿದ್ದೀರಿ ಎಂದರು. ಗೆಳತಿ ಅಪ್ಪನನ್ನು ನೋಡಿದಳು. ತಾತ ಮನೆಯಿಂದ ಹೊರಡುವಾಗಲೇ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಆಸ್ಪತ್ರೆಯಲ್ಲಿ ಆ ಮದ್ದು ನಿಂತುಹೋದರೆ ಎಂಬ ಆತಂಕಕ್ಕೆ! ಅದನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರಿಗೆ ಕೊಟ್ಟರು.

ಇಂಥ ಗಿಡಮೂಲಿಕೆಯ ಡಬ್ಬಿಗಳಲ್ಲಿ ಕೆಲವು ಸಲ ಸಕ್ಕರೆ ಇಳಿಸುವ ಜೋರಾದ ಮಾತ್ರೆಯ ಪುಡಿಯನ್ನೇ ಗುಟ್ಟಾಗಿ ಬೆರೆಸಿರುತ್ತಾರೆ, ಪರೀಕ್ಷೆಗೆ ಕಳಿಸುತ್ತೇವೆ ಎಂದರು ಡಾಕ್ಟರು. ಗೆಳತಿ ಅದನ್ನು ಚೀನೀ ಭಾಷೆಗೆ ಮಾಡಿ ಹೇಳಲು ಶುರು ಮಾಡಿದವಳು ಅರ್ಧದಲ್ಲೇ ಅನುವಾದ ಬಿಟ್ಟು ಸ್ವಂತ ಮಾತಿಗೆ ಹೋದಳು. ಆ ದೇಶದ ಆಸ್ಪತ್ರೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ಅವಳು ಎತ್ತಿದಳು. ನರ್ಸೊಬ್ಬರು ಬಂದು ತಾತನನ್ನೂ ನನ್ನನ್ನೂ ಹೊರಗಿನ ಕುರ್ಚಿಗಳ ಕಡೆ ಕಳಿಸಿದರು.

ತಾತ ಕೂರಲಿಲ್ಲ. ತಮ್ಮ ಟೋಪಿಯನ್ನು ಹಿಂಡುತ್ತ ನಿಂತಿದ್ದರು.

"ಅಷ್ಟೊಂದು ಪುಟಗಳಿದ್ದವಲ್ಲ ತಾತ," ಎಂದೆ. "ಅದನ್ನೇ ಯಾಕೆ ನಂಬಿದಿರಿ?"

ನನ್ನ ಪ್ರಶ್ನೆಯೇ ಅರ್ಥವಾಗದವರಂತೆ ನನ್ನನ್ನು ನೋಡಿದರು.

"ಅದು ಮೊದಲನೆಯದಾಗಿತ್ತು," ಎಂದರು.

"ಮೊದಲನೆಯದು ಅಂದ್ರೆ?"

"ಪಟ್ಟಿಯಲ್ಲಿ ಮೊದಲನೆಯದು."

ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಅವರ ಪತ್ರಿಕೆಯಲ್ಲಿ ದೊಡ್ಡವರು ಸಭೆ ಸೇರಿದ ಸುದ್ದಿ ಬರುತ್ತದೆ. ಸಭೆಯಲ್ಲಿ ಏನಾಯಿತೆಂದು ಯಾರೂ ಓದುವುದಿಲ್ಲ, ಹೆಸರುಗಳ ಸಾಲನ್ನು ಓದುತ್ತಾರೆ. ಯಾರು ಮೊದಲು, ಯಾರು ಆಮೇಲೆ. ನಿನ್ನೆ ಮುಂದಿದ್ದ ಹೆಸರು ಇಂದು ಹಿಂದೆ ಸರಿದಿದ್ದರೆ ಅವರ ಕಾಲ ಮುಗಿಯಿತೆಂದು ಊರಿಗೆಲ್ಲ ತಿಳಿಯುತ್ತದೆ. ತಾತ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವರ ಹಿರಿಯ ಸಹೋದ್ಯೋಗಿಯೊಬ್ಬರ ಕರಡಿನಲ್ಲಿ ಎರಡು ಹೆಸರು ಅದಲು ಬದಲಾಗಿ ಅಚ್ಚಾಗಿಹೋಯಿತು. ಆ ಮನುಷ್ಯ ಎಲ್ಲರ ಮುಂದೆ ನಿಂತು ತನ್ನನ್ನು ತಾನೇ ನಿಂದಿಸಿಕೊಂಡು, ಆಮೇಲೆ ಕಾಗದದ ಗೋದಾಮಿನಲ್ಲಿ ಹೊರೆ ಹೊರುವ ಕೆಲಸಕ್ಕೆ ಹೋದರು. ಆಗಿನಿಂದ ತಾತ ಅಕ್ಷರದ ತಪ್ಪಿಗಿಂತ ಮೊದಲು ಸಾಲಿನ ಕ್ರಮವನ್ನು ನೋಡುತ್ತಿದ್ದರು.

"ಮೊದಲು ಇಟ್ಟಿದ್ದಾರೆಂದರೆ ಯಾರೋ ಹೊಣೆ ಹೊತ್ತು ಇಟ್ಟಿರಬೇಕು," ಎಂದರು. "ತಪ್ಪಾದರೆ ಅವರ ಕೆಲಸ ಹೋಗುತ್ತದೆ. ಆದ್ದರಿಂದ ತಪ್ಪಾಗುವುದಿಲ್ಲ."

"ಅದನ್ನ ಯಾರೂ ನೋಡಲ್ಲ ತಾತ. ಅಲ್ಲಿ ಮೊದಲು ಬರೋಕೆ ಕಂಪನಿಯವರು ದುಡ್ಡು ಕೊಡ್ತಾರೆ. ಜಾಹೀರಾತು."

"ದುಡ್ಡು ಕೊಟ್ಟು ಮೊದಲು ನಿಲ್ಲಬಹುದೆ?"

"ಹೂಂ."

"ಕಾಯಿಲೆಯ ವಿಷಯದಲ್ಲಿಯೂ?"

ಅವರು ಕೊನೆಗೆ ಕುರ್ಚಿಯಲ್ಲಿ ಕೂತರು. ನನಗೆ ಕೆಟ್ಟ ಸಿಟ್ಟು ಬಂತು. ಆ ಗಡ್ಡದ ವೈದ್ಯನ ಮೇಲೆ, ಪುಡಿ ಬೆರೆಸಿದವರ ಮೇಲೆ, ದುಡ್ಡು ಪಡೆದು ಮೇಲಿಟ್ಟವರ ಮೇಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಆದರೆ ಹಾಲೋ ಅಲ್ಲವೋ ಎಂದು ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ಬದುಕಿದ ಮನುಷ್ಯನಿಗೆ ಇದು ಆಗಬಾರದಿತ್ತು. ನಾನೂ ತಪ್ಪು ಹುಡುಕಿಯೇ ಸಂಬಳ ತೆಗೆದುಕೊಳ್ಳುವವಳು. ತಪ್ಪು ನನ್ನದು ಎಂದು ಎದೆ ಬಡಿದುಕೊಳ್ಳುವ ಜಾತಿಯವಳಲ್ಲ ನಾನು, ಆಗಲೂ ಬಡಿದುಕೊಳ್ಳಲಿಲ್ಲ. ಮೌಸ್ ಹಿಡಿಯುವುದನ್ನು ಕಲಿಸಿದವಳು ಜಗತ್ತಿನ ಮೋಸಕ್ಕೆಲ್ಲ ಜವಾಬುದಾರಳೇ? ಆದರೂ ಆ ಸಂಜೆ ಮೆಟ್ರೋದಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಕೊನೆಯವರೆಗೂ ಹೋಗಿಬಿಟ್ಟೆ.

ಪರೀಕ್ಷೆಯ ಉತ್ತರ ಬಂತು. ಡಾಕ್ಟರ ಅನುಮಾನ ನಿಜವಾಗಿತ್ತು. ಅಜ್ಜಿ ಇನ್ನೂ ಆಸ್ಪತ್ರೆಯಲ್ಲೇ ಇದ್ದರು, ಆದರೆ ಚೇತರಿಸಿಕೊಂಡಿದ್ದರು. ಅತ್ತೆ ನೋಡಬೇಕೆಂದು ಹಟ ಹಿಡಿದರು, ಆಫೀಸು ಮುಗಿಸಿ ಕರೆದುಕೊಂಡು ಹೋದೆ. ನಾವು ಹೋದಾಗ ತಾತ ಇರಲಿಲ್ಲ, ಬಿಸಿನೀರು ತರಲು ಹೋಗಿದ್ದರು. ಆಸ್ಪತ್ರೆಯವರು ಕೊಡುವ ತಣ್ಣನೆಯ ನೀರನ್ನು ಕಾಯಿಲೆಯವರು ಕುಡಿಯಬಾರದೆಂದು ಅವರ ನಂಬಿಕೆ. ಗೆಳತಿ ಮಂಚದ ಪಕ್ಕ ಕೂತಿದ್ದಳು. ಅತ್ತೆ ಅಜ್ಜಿಯ ಕೈ ಹಿಡಿದುಕೊಂಡು ಕನ್ನಡದಲ್ಲೇ ಗದರಿದರು.

"ಸಕ್ಕರೆ ಯಾಕಮ್ಮ ಇಟ್ಕೊಂಡಿದ್ದೆ ಜೇಬಲ್ಲಿ? ನಿಂಗೆ ಗೊತ್ತಿತ್ತಾ ಶುಗರ್ ಇಳೀತಿದೆ ಅಂತ?"

ನಾನು ಇಂಗ್ಲಿಷಿಗೆ ಮಾಡಿದೆ, ಗೆಳತಿ ತನ್ನ ಭಾಷೆಗೆ ಮಾಡಿದಳು. ಅಜ್ಜಿ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಮಾತಾಡತೊಡಗಿದರು. ತುಂಬಾ ಹೊತ್ತು ಮಾತಾಡಿದರು. ಗೆಳತಿ ಮೊದಲಿಗೆ ತುಂಡು ತುಂಡಾಗಿ ನಮಗೆ ಹೇಳುತ್ತಿದ್ದಳು.

"ಆ ಕ್ಯಾಪ್ಸೂಲ್ ಶುರು ಮಾಡಿದ ಸ್ವಲ್ಪ ದಿನಕ್ಕೇ ಕೈಕಾಲು ನಡುಗೋದು ಶುರುವಾಯ್ತಂತೆ. ಬೆಳಿಗ್ಗೆ ಏಳ್ತಿದ್ದಂಗೆ ಬೆವರು, ಎದೆ ಡವಡವ ಅನ್ನೋದು. ಅಡುಗೆಮನೇಲಿ ಒಂದು ಚೂರು ಸಕ್ಕರೆ ಬಾಯಿಗೆ ಹಾಕ್ಕೊಂಡ್ರೆ ಸರಿಹೋಗೋದಂತೆ. ಅದಕ್ಕೇ ಯಾವಾಗಲೂ ಇಟ್ಕೊಂಡಿರ್ತಿದ್ಲಂತೆ. ನಂಬರ್ ತೀರಾ ಇಳಿದಿರೋದು ಅಪ್ಪಂಗೆ ಕಾಣ್ಬಾರ್ದು ಅಂತ, ಅವನು ಬೆರಳು ಚುಚ್ಚೋಕೆ ಬರೋ ಮುಂಚೆ ತಿಂದಿರ್ತಿದ್ಲಂತೆ..."

ಅಲ್ಲಿಗೆ ಗೆಳತಿ ನಿಲ್ಲಿಸಿದಳು. ಅಜ್ಜಿ ಮುಂದುವರಿಸುತ್ತಲೇ ಇದ್ದರು.

"ಏನಂತೆ?" ಎಂದರು ಅತ್ತೆ.

ಗೆಳತಿ ಮೂಗು ಒರೆಸಿಕೊಂಡಳು. "ನಿನ್ನ ಅಪ್ಪ ಇಲ್ಲಿಗೆ ಬಂದ ಮೇಲೆ ಮೊದಲನೇ ಸಲ ನಗ್ತಾ ಇದ್ದ ಅಂತಿದಾಳೆ. ದಿನಾ ಬೆಳಿಗ್ಗೆ ನಂಬರ್ ನೋಡಿ, ನೋಡಿದೆಯಾ, ನಾನು ಓದಿ ಹುಡುಕಿದ್ದು ಅಂತಿದ್ನಂತೆ. ನಡುಗ್ತಿದೆ ಅಂತ ಹೇಗೆ ಹೇಳ್ಲಿ ಅಂತ ಕೇಳ್ತಿದಾಳೆ." ಅಮ್ಮನ ಇನ್ನೊಂದು ಮಾತು ಕೇಳಿ ಮತ್ತೆ ಹೇಳಿದಳು. "ಅವನಿಗೆ ಹೇಳ್ಬೇಡ ಅಂತಿದಾಳೆ."

ಅತ್ತೆಗೆ ನಾನು ಕನ್ನಡದಲ್ಲಿ ಹೇಳಿದೆ. ಅವರು ಅಜ್ಜಿಯ ಹೊದಿಕೆಯನ್ನು ಕತ್ತಿನವರೆಗೆ ಎಳೆದು ಸರಿಮಾಡಿದರು, ಸರಿಯಾಗಿದ್ದದ್ದನ್ನೇ ಮತ್ತೊಂದು ಸಲ ಸರಿಮಾಡಿದರು.

ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದೆ. ಎಂಥ ದಣಿವೆಂದರೆ, ಗೋಡೆ ಸಿಕ್ಕರೆ ಸಾಕು ನಿಂತಲ್ಲೇ ನಿದ್ದೆ ಮಾಡುವ ಹಾಗಾಗಿತ್ತು. ತಾತ ಫ್ಲಾಸ್ಕ್ ಹಿಡಿದುಕೊಂಡು ಬರುತ್ತಿದ್ದರು. ನನ್ನನ್ನು ಕಂಡು ನಿಂತರು. ಒಂದೇ ವಾರದಲ್ಲಿ ಅವರ ಕತ್ತು ಕಾಲರಿನೊಳಗೆ ಸಣ್ಣದಾಗಿತ್ತು.

"ಇವತ್ತು ಊಟ ಮಾಡಿದಳು," ಎಂದರು. "ಮೀನನ್ನು ಬಿಟ್ಟಳು. ಇಲ್ಲಿಯ ಮೀನಿಗೆ ಶುಂಠಿ ಹಾಕುವುದಿಲ್ಲ."

"ಚೆನ್ನಾಗಿದ್ದಾರೆ ತಾತ. ಈಗಷ್ಟೇ ನೋಡಿ ಬಂದೆ."

ಅವರು ತಲೆಯಾಡಿಸಿದರು. ಒಳಗೆ ಹೋಗಲಿಲ್ಲ. ಏನೋ ಹೇಳಬೇಕೆಂದು ವಾಕ್ಯವನ್ನು ಜೋಡಿಸುತ್ತಿದ್ದಾರೆಂದು ತಿಳಿದು ನಾನೂ ಕಾದೆ.

"ನನ್ನ ಮಗಳು ಹೇಳಿದ್ದೆಲ್ಲ ಸರಿ," ಎಂದರು. "ಓದಬಾರದ್ದನ್ನು ಓದಿದೆ. ಇನ್ನು ಓದುವುದಿಲ್ಲ. ಆದರೆ ಒಂದು ಸಮಾಧಾನವಿದೆ. ನನ್ನ ಹೆಂಡತಿ ನರಳಲಿಲ್ಲ. ಅದು ಆ ಒಂದು ದಿನ ಇದ್ದಕ್ಕಿದ್ದಂತೆ ಆದದ್ದು. ಮೊದಲೇ ಸ್ವಲ್ಪ ಏನಾದರೂ ಆಗಿದ್ದರೂ ನನಗೆ ತಿಳಿಯುತ್ತಿತ್ತು. ಅವಳು ನನ್ನಿಂದ ಏನನ್ನೂ ಮುಚ್ಚಿಡುವವಳಲ್ಲ."

ಮುಗಿಸಿ ನನ್ನ ಮುಖವನ್ನೇ ನೋಡಿದರು. ಗೆಳತಿ ಬಾಗಿಲಿಗೆ ಬಂದು ನಿಂತಿದ್ದಳು, ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು ತಾತ," ಎಂದೆ.